‘ಶ್ಯೂ ಶ್ಯೂ’ ಲೇಖನ ಕಳಿಸಿದ ಮಂಡ್ಯದ ಗೆಳೆಯರಿಗೆ

‘ಶ್ಯೂ ಶ್ಯೂ’ ಎಂಬ ಅಮೆರಿಕದ ಸಂಗೀತ ತಂಡದ ಬಗ್ಗೆ ನೀವು ಬರೆದ ‘ನೋವಿನ ನಾದ’ ಓದಿದೆ. ಈ ಸಂಚಿಕೆಗೆ ತೆಗೆದುಕೊಳ್ಳುತ್ತಿಲ್ಲ. ತಿದ್ದಿ ಕಳಿಸಿದರೆ ಮುಂದಿನದಕ್ಕೆ ನೋಡುತ್ತೇನೆ. ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. ಮೈಸೂರಿನಲ್ಲಿ ಕೂತು ಪತ್ರಿಕೆ ನಡೆಸುವವನಿಗೆ ದಸರಾ ಕಛೇರಿಗಳ ವರದಿ ಬೇಕಾದಷ್ಟು ಬರುತ್ತವೆ. ಅಮೆರಿಕದ ಇಂಥದೊಂದು ತಂಡದ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ.

ಮೊದಲು ಸಣ್ಣಪುಟ್ಟ ತಪ್ಪು. ತಂಡ ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಲ್ಲ, 2002ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಹೆಸರು ಬಂದದ್ದು ಜೋನ್ ಚೆನ್ ನಿರ್ದೇಶಿಸಿದ 1998ರ ಸಿನಿಮಾದಿಂದ. ಶುರುವಿನಿಂದಲೂ ಉಳಿದವರು ಹಾಡುವ ಜೇಮಿ ಸ್ಟೂವರ್ಟ್ ಒಬ್ಬರೇ, ಸರಿ. ಹಾಗಂತ ವರ್ಷಗಟ್ಟಲೆ ಜೊತೆಗಿರುವ ಏಂಜೆಲಾ ಸಿಯೊ ಅವರ ಹೆಸರನ್ನೇ ಬಿಡುವುದೇ?

ಇನ್ನು ದೊಡ್ಡ ತಕರಾರು. ಲೇಖನದ ಅರ್ಧ ಭಾಗ ಸ್ಟೂವರ್ಟ್ ಅವರ ತಂದೆಯ ಸಾವಿಗೇ ಹೋಗಿದೆ. ಮೈಕಲ್ ಸ್ಟೂವರ್ಟ್ ಕೂಡ ಸಂಗೀತಗಾರರು, ಗಾಯಕ ಬಿಲ್ಲಿ ಜೋಯಲ್ ಅವರ 1973ರ ‘ಪಿಯಾನೋ ಮ್ಯಾನ್’ ಆಲ್ಬಂ ನಿರ್ಮಿಸಿದವರು. 2002ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಓದುಗನಿಗೆ ಇಷ್ಟು ಗೊತ್ತಾದರೆ ಸಾಕು. ನೀವೋ ‘ಕರುಳು ಹಿಂಡುವ’, ‘ಎದೆ ಸೀಳುವ’ ಎನ್ನುತ್ತ ಪುಟ ತುಂಬಿಸಿದ್ದೀರಿ. ನೋವುಂಡವರೆಲ್ಲ ಹಾಡು ಕಟ್ಟುವುದಿಲ್ಲ. ಕಟ್ಟಿದವರಲ್ಲೂ ಬಹಳ ಜನ ಕೆಟ್ಟದಾಗಿಯೇ ಕಟ್ಟುತ್ತಾರೆ. ಈ ಮನುಷ್ಯರ ಹಾಡು ನಿಮ್ಮನ್ನು ಯಾಕೆ ಹಿಡಿದುಕೊಂಡಿತು ಎನ್ನುವುದಕ್ಕೆ ಅವರ ಮನೆಯ ಸಾವು ಉತ್ತರವಾಗಲಾರದು.

ಕಿವಿಗೆ ಬಿದ್ದದ್ದನ್ನು ಬರೆಯಿರಿ. ಟ್ರೇಸಿ ಚಾಪ್‌ಮನ್ 1988ರಲ್ಲಿ ಹಾಡಿದ ‘ಫಾಸ್ಟ್ ಕಾರ್’ ಕೇಳಿ, ಅದರ ಬೆನ್ನಿಗೇ ‘ಶ್ಯೂ ಶ್ಯೂ’ 2003ರ ‘ಎ ಪ್ರಾಮಿಸ್’ ಆಲ್ಬಂನಲ್ಲಿ ಅದನ್ನೇ ಹಾಡಿದ್ದು ಕೇಳಿ. ಚಾಪ್‌ಮನ್ ದನಿ ನೆಲದ ಮೇಲೆ ಗಟ್ಟಿಯಾಗಿ ನಿಂತಿದೆ, ಬಡತನದ ಕತೆ ಹೇಳುವಾಗಲೂ ಕದಲುವುದಿಲ್ಲ. ಸ್ಟೂವರ್ಟ್ ದನಿ ನಡುಗುತ್ತದೆ, ಪಿಸುಗುಟ್ಟುತ್ತದೆ. ಪದಗಳು ಅವೇ, ಆದರೆ ಕಾರು ಹತ್ತಿ ಪಾರಾಗುತ್ತೇವೆ ಎಂಬ ಆಸೆ ಇಲ್ಲಿ ಹಾಡುವವರಿಗೇ ಇದ್ದಂತಿಲ್ಲ. ಇದನ್ನು ಒಂದು ಪ್ಯಾರಾದಲ್ಲಿ ತೋರಿಸಿ. ‘ಕರುಳು’ ಎನ್ನುವ ಪದ ಬೇಕಾಗುವುದೇ ಇಲ್ಲ. ಇದೇ ತಂಡದ 2004ರ ‘ಫ್ಯಾಬ್ಯುಲಸ್ ಮಸಲ್ಸ್’ ಆಲ್ಬಂನಲ್ಲಿ ‘ಐ ಲವ್ ದಿ ವ್ಯಾಲಿ ಓ’ ಇದೆಯಲ್ಲ, ಗುನುಗಿಕೊಳ್ಳುವಂಥ ಗಿಟಾರ್ ಅದರದು. ಅದರ ಮಧ್ಯೆ ಏಕಾಏಕಿ ಒಂದು ಚೀರು. ರಾಗ ಅಷ್ಟು ಸಲೀಸಾಗಿ ಇಲ್ಲದಿದ್ದರೆ ಆ ಚೀರು ಬರೀ ಗದ್ದಲವಾಗುತ್ತಿತ್ತು. ಬರೀ ಗದ್ದಲ ಮಾಡುವ ತಂಡಗಳಿಗೇನೂ ಬರವಿಲ್ಲ.

ನಿಮ್ಮ ಲೇಖನದ ಅತ್ಯುತ್ತಮ ವಾಕ್ಯ ಕೊನೆಯ ಪುಟದಲ್ಲಿ ಅಡಗಿ ಕೂತಿದೆ: ‘ರೈಲು ಮದ್ದೂರು ಬಿಟ್ಟ ಮೇಲೆ ಇಯರ್‌ಫೋನ್ ಕಿತ್ತುಬಿಟ್ಟೆ, ಪಕ್ಕದಲ್ಲಿ ಕೂತವರಿಗೆ ಕೇಳಿಸಿತೇನೋ ಅಂತ ನಾಚಿಕೆಯಾಯಿತು.’ ಇಲ್ಲಿಂದ ಶುರು ಮಾಡಿ ಮಾರಾಯರೆ! ದುಃಖದ ಹಾಡು ಯಾವ ಭಾಷೆಯಲ್ಲಿಲ್ಲ? ಕೇಳುವವನಿಗೇ ನಾಚಿಕೆ ಹುಟ್ಟಿಸುವ ಹಾಡು ಅಪರೂಪ. ಯಾರದೋ ಕೋಣೆಯ ಬಾಗಿಲು ತಟ್ಟದೆ ಒಳಗೆ ಹೋದಂತಾಗುತ್ತದೆ. ಅಳಬೇಕೋ ನಗಬೇಕೋ ತಿಳಿಯುವುದಿಲ್ಲ. ಕೆಲವು ಕಡೆ ಅವರು ನಗಿಸಲೆಂದೇ ಅತಿ ಮಾಡುತ್ತಾರೆ ಎಂದು ನನ್ನ ಗುಮಾನಿ. ಕಿತ್ತ ಇಯರ್‌ಫೋನನ್ನು ನೀವು ಮತ್ತೆ ಯಾವಾಗ ಹಾಕಿಕೊಂಡಿರಿ? ಯಾಕೆ? ಲೇಖನ ಇರುವುದೇ ಅಲ್ಲಿ, ಅದನ್ನೇ ನೀವು ಬರೆದಿಲ್ಲ.

ಸ್ಟೂವರ್ಟ್ ‘ಅಮೆರಿಕದ ನೀಲಗಾರ’ ಎಂಬ ಮಾತು ತೆಗೆಯಿರಿ. ಮಳವಳ್ಳಿ ಕಡೆಯವರಾದ ನಿಮಗೆ ನೀಲಗಾರರು ಹಾಡುವ ಮಂಟೇಸ್ವಾಮಿ ಪದ ನೆನಪಾದದ್ದು ಸಹಜ. ಅಲ್ಲೂ ದನಿ ಒರಟು, ಅಲ್ಲೂ ಸಂಕಟ. ಆದರೆ ತಂಬೂರಿ ಹಿಡಿದ ನೀಲಗಾರರು ಹಾಡುವುದು ಒಕ್ಕಲೆಲ್ಲ ಬಲ್ಲ ಕತೆ, ಸೊಲ್ಲು ಸೊಲ್ಲಿಗೂ ಹಿಮ್ಮೇಳ ಓಗೊಡುತ್ತದೆ. ಸ್ಟೂವರ್ಟ್ ಹಾಡಿಗೆ ಓಗೊಡುವವರಿಲ್ಲ, ಆ ಜಾಗದಲ್ಲಿ ಡ್ರಮ್ ಮಷೀನ್ ಬಡಿಯುತ್ತಿರುತ್ತದೆ. ಹೋಲಿಕೆ ಇಟ್ಟುಕೊಳ್ಳುವುದಾದರೆ ಈ ವ್ಯತ್ಯಾಸ ಬರೆಯಿರಿ. ‘ನಮ್ಮಲ್ಲೂ ಇತ್ತು’ ಎಂದು ಬೀಗುವುದಕ್ಕೆ ಬೇಡ.

ಇನ್ನೊಂದು ಮಾತು. ಬಿಡಾರಂ ಕೃಷ್ಣಪ್ಪನವರ ರಾಮಮಂದಿರದಲ್ಲಿ ಕೂತು ಕರ್ನಾಟಕ ಸಂಗೀತ ಕೇಳಿ ಕಿವಿ ಪಳಗಿಸಿಕೊಂಡವರು ನಮ್ಮ ಓದುಗರಲ್ಲಿದ್ದಾರೆ. ‘ಶ್ರುತಿಯೇ ನಿಲ್ಲಲ್ವಲ್ರೀ ಈ ಪುಣ್ಯಾತ್ಮಂಗೆ’ ಅಂತ ಮೊದಲ ದಿನವೇ ಫೋನ್ ಮಾಡುತ್ತಾರೆ. ಅದಕ್ಕೆ ನಿಮ್ಮ ಹತ್ತಿರ ಜವಾಬಿರಬೇಕು. ‘ಇದು ಪ್ರಯೋಗ’ ಎಂದರೆ ಅವರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. 2013ರಲ್ಲಿ ಇದೇ ತಂಡ ಜಾಝ್ ವಾದಕರನ್ನು ಕೂಡಿಸಿಕೊಂಡು ಗಾಯಕಿ ನೀನಾ ಸಿಮೋನ್ ಹಾಡುಗಳ ಒಂದು ಆಲ್ಬಂ ಮಾಡಿದೆ. ಅದನ್ನು ಕೇಳಿ, ದನಿ ಎಲ್ಲಿ ಒಡೆಯುತ್ತದೆ, ವಾದ್ಯ ಎಲ್ಲಿ ಸುಮ್ಮನಾಗುತ್ತದೆ, ಗುರುತು ಹಾಕಿಕೊಂಡು ಬರೆಯಿರಿ.

ಎಂಟುನೂರು ಪದ ಸಾಕು, ಶೀರ್ಷಿಕೆ ಬದಲಿಸಿ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದರೆ ಯೂನಿಕೋಡ್‌ಗೆ ಪರಿವರ್ತಿಸಿ ಕಳಿಸಿ, ಕಳೆದ ಸಲ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು.