ದಾಯ್ ಜಿನ್‌ಹುವಾ ಹೆಣ್ಣಿನ ಪ್ರಶ್ನೆ ಕೈಬಿಟ್ಟರಾ?

ಪ್ರಶ್ನೆ: ಚೀನಾದ ಸ್ತ್ರೀವಾದಿ ಚಿಂತಕಿ ದಾಯ್ ಜಿನ್‌ಹುವಾ ಮೊದಲು ಸಿನಿಮಾ ಬಗ್ಗೆ ಬರೆಯುತ್ತಿದ್ದರು. ಆಮೇಲೆ ಟಿವಿ, ಜಾಹೀರಾತು, ಮಾರುಕಟ್ಟೆ ಕಡೆ ಹೊರಳಿದರು. ಹೆಣ್ಣಿನ ಪ್ರಶ್ನೆ ಕೈಬಿಟ್ಟರಾ ಮೇಡಂ?
– ಸಿನಿಮಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಇಲ್ಲಮ್ಮ. ಆ ಪ್ರಶ್ನೆಯ ಬೆನ್ನು ಹತ್ತಿಯೇ ಅವರು ಅಲ್ಲಿಗೆ ಹೋದರು ಅನ್ನುವುದು ನನ್ನ ಅನಿಸಿಕೆ.

ಅವರು ಹುಟ್ಟಿದ್ದು ಬೀಜಿಂಗ್‌ನಲ್ಲಿ, 1959ರಲ್ಲಿ. ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಚೀನೀ ಸಾಹಿತ್ಯ ಓದಿ, 1982ರಲ್ಲಿ ಬೀಜಿಂಗ್ ಫಿಲ್ಮ್ ಅಕಾಡೆಮಿಯಲ್ಲಿ ಪಾಠ ಮಾಡಲು ಸೇರಿದರು. ಮುಂದೆ ಹೆಸರಾಂತ ನಿರ್ದೇಶಕರಾದ ಝಾಂಗ್ ಯಿಮೊ ಮತ್ತು ಚೆನ್ ಕೈಗೆ ಇಬ್ಬರೂ ಅಲ್ಲಿ ಓದು ಮುಗಿಸಿ ಹೊರಬಂದದ್ದೂ ಅದೇ ವರ್ಷ. 1989ರಲ್ಲಿ ಮೆಂಗ್ ಯುವೆ ಜೊತೆ ಸೇರಿ ಚೀನಾದ ಆಧುನಿಕ ಲೇಖಕಿಯರ ಬಗ್ಗೆ ಪುಸ್ತಕ ಬರೆದರು. ಡಿಂಗ್ ಲಿಂಗ್, ಶಿಯಾವೊ ಹಾಂಗ್ ಅವರನ್ನು ಹೆಣ್ಣಿನ ಕಣ್ಣಿಂದ ಹೊಸದಾಗಿ ಓದಿದ ಪುಸ್ತಕ ಅದು.

ಹುವಾಂಗ್ ಶುಚಿನ್ ಎಂಬ ನಿರ್ದೇಶಕಿಯ 1987ರ ಸಿನಿಮಾ 'ವುಮನ್ ಡೀಮನ್ ಹ್ಯೂಮನ್' ನೀವು ನೋಡಲೇಬೇಕು. ನಾಯಕಿ ಚಿಯು ಯುನ್ ಚೀನೀ ಒಪೆರಾ, ಅಂದರೆ ಸಂಗೀತ ನಾಟಕದ ನಟಿ. ದೆವ್ವಗಳನ್ನು ಹಿಡಿದು ಮಟ್ಟಹಾಕುವ ಝೋಂಗ್ ಕುಯಿ ಎಂಬ ಗಂಡು ಪಾತ್ರ ಅವಳದು. ಕನ್ನಡಿ ಮುಂದೆ ಕೂತು ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಾಳೆ. ನೋಡನೋಡುತ್ತಾ ಕನ್ನಡಿಯಲ್ಲಿ ಝೋಂಗ್ ಕುಯಿ ಮಾತ್ರ ಉಳಿಯುತ್ತಾನೆ. ದಾಯ್ ಈ ಸಿನಿಮಾವನ್ನು ತುಂಬಾ ಹಚ್ಚಿಕೊಂಡರು. ಗಂಡುವೇಷ ಹಾಕಿ ಯುದ್ಧಕ್ಕೆ ಹೋದ ಮುಲಾನ್ ಕಥೆ ಗೊತ್ತಲ್ವಾ? 1949ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ ನಂತರದ ಚೀನೀ ಹೆಣ್ಣಿನ ಸ್ಥಿತಿಯೂ ಹಾಗೇ ಅಂದರು ದಾಯ್. ಕೆಲಸ ಸಿಕ್ಕಿತು, ಕಾನೂನಿನಲ್ಲಿ ಸಮಾನತೆ ಸಿಕ್ಕಿತು. ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ, ಅವರೂ ತಳ್ಳಿಹಾಕಲಿಲ್ಲ. ಆದರೆ ಹೊರಗೆ ಗಂಡಿನಂತೆ ದುಡಿಯಬೇಕು, ಮನೆಗೆ ಬಂದರೆ ಹೆಂಡತಿ, ತಾಯಿ. ತನ್ನದೇ ನೋವು ಹೇಳಿಕೊಳ್ಳಲು ಹೆಣ್ಣಿಗೆ ಮಾತಿರಲಿಲ್ಲ.

ಆಮೇಲೆ ಚೀನಾಕ್ಕೆ ಮಾರುಕಟ್ಟೆ ಆರ್ಥಿಕತೆ ಬಂತು. ಸರ್ಕಾರಿ ಕಾರ್ಖಾನೆಗಳು ಜನರನ್ನು ಮನೆಗೆ ಕಳಿಸಿದಾಗ ಕೆಲಸ ಕಳೆದುಕೊಂಡವರಲ್ಲಿ ಹೆಂಗಸರೇ ಜಾಸ್ತಿ. ಜಾಹೀರಾತಿನಲ್ಲಿ ಮಾತ್ರ ಎಲ್ಲಿ ನೋಡಿದರೂ ನಗುವ ಹೆಣ್ಣು. ಇದನ್ನು ನೋಡಿಕೊಂಡು ಬರೀ ಸಿನಿಮಾ ಬಗ್ಗೆ ಬರೆಯುತ್ತಾ ಕೂರಲು ಆಗುತ್ತದಾ, ನೀವೇ ಹೇಳಿ. 1993ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯಕ್ಕೆ ಮರಳಿದ ದಾಯ್, 1995ರಲ್ಲಿ ಅಲ್ಲಿ ಸಂಸ್ಕೃತಿ ಅಧ್ಯಯನದ, ಅಂದರೆ ಸಿನಿಮಾ, ಟಿವಿ, ಜಾಹೀರಾತುಗಳನ್ನು ಸಮಾಜದ ಜೊತೆ ಇಟ್ಟು ಓದುವ, ಕೇಂದ್ರ ಕಟ್ಟಿದರು. ವರ್ಗದ ಪ್ರಶ್ನೆ ಬಿಟ್ಟು ಹೆಣ್ಣಿನ ಪ್ರಶ್ನೆ ಅರ್ಥವಾಗದು ಅನ್ನುವ ಅವರ ನಿಲುವು ನನಗೆ ಬಹಳ ಮುಖ್ಯ.

ಅವರ ಲೇಖನಗಳ ಇಂಗ್ಲಿಷ್ ಅನುವಾದ 'ಸಿನಿಮಾ ಅಂಡ್ ಡಿಸೈರ್' 2002ರಲ್ಲಿ ಬಂದಿದೆ. ಸಿನಿಮಾ ಮೊದಲು ನೋಡಿ, ಪುಸ್ತಕ ಆಮೇಲೆ ಹಿಡಿಯಿರಿ. ಕನ್ನಡಿಯ ದೃಶ್ಯ ಬಂದಾಗ ಎರಡು ಸಲ ನೋಡಿ.