ಮಗಳ ಬ್ಯಾಗಿನಲ್ಲಿ ಮಾತ್ರೆಯ ಶೀಟುಗಳು ಸಿಕ್ಕಿವೆ, ಕೇಳಲೇ, ಸುಮ್ಮನಿರಲೇ?

ಕೇಳಿ. ಇವತ್ತೇ ಕೇಳಿ. ಪಿಯುಸಿ ಓದುವ ಮಗಳು ತಿಂಗಳಿಂದ ಮಾತು ಕಡಿಮೆ ಮಾಡಿದ್ದಾಳೆ, ಬ್ಯಾಗಿನಲ್ಲಿ ನೋವಿನ ಮಾತ್ರೆಗಳನ್ನು ಕೂಡಿಟ್ಟಿದ್ದಾಳೆ ಎಂದು ಬರೆದಿದ್ದೀರಿ. ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾದೀತು ಎಂಬುದು ನಿಮ್ಮ ಅಂಜಿಕೆ. ಹಾಗಾಗುವುದಿಲ್ಲ. ಕೇಳುವವರೊಬ್ಬರು ಸಿಕ್ಕರಲ್ಲ ಎಂದು ಮಕ್ಕಳಿಗೆ ಹಗುರವಾಗುವುದೇ ಹೆಚ್ಚು.

ನಾನು ವೈದ್ಯನಲ್ಲ; ಇಪ್ಪತ್ತೆರಡು ವರ್ಷಗಳಿಂದ ಔಷಧ ಅಂಗಡಿ ನಡೆಸುತ್ತಿರುವ ಫಾರ್ಮಸಿಸ್ಟ್. ನಮ್ಮಲ್ಲಿ ಶೀಟನ್ನು ಕತ್ತರಿಸಿ ಎರಡೋ ನಾಲ್ಕೋ ಮಾತ್ರೆ ಕೊಡುವ ರೂಢಿ ಇದೆ. ಕೈಯಲ್ಲಿ ಕಾಸಿಲ್ಲದವರ ಅನುಕೂಲಕ್ಕೆ ಬಂದದ್ದು ಅದು. ಆ ಕತ್ತರಿಗೆ ಇನ್ನೊಂದು ಉಪಯೋಗವೂ ಇದೆ ಎಂದು ನನಗೆ ಗೊತ್ತಾದದ್ದು ಬ್ರಿಟನ್ನಿನ ಸಂಗತಿ ಓದಿದಾಗ. ಅಲ್ಲಿ 1998ರ ಸೆಪ್ಟೆಂಬರ್‌ನಲ್ಲಿ ನೋವಿನ ಮಾತ್ರೆಗಳ ಪೊಟ್ಟಣವನ್ನೇ ಕಾನೂನಿನ ಮೂಲಕ ಚಿಕ್ಕದು ಮಾಡಿದರು. ಬೇಕಾದವರು ನಾಲ್ಕು ಅಂಗಡಿ ಸುತ್ತುವುದಿಲ್ಲವೇ ಎಂದು ನನಗೂ ಅನ್ನಿಸಿತ್ತು. ಆದರೆ ಆ ಮಾತ್ರೆಗಳನ್ನು ನುಂಗಿ ಆಗುವ ಸಾವುಗಳು ಇಳಿದವು. ಆಕ್ಸ್‌ಫರ್ಡ್‌ನ ಮನೋವೈದ್ಯ ಕೀತ್ ಹಾಟನ್ ಅವರ ತಂಡ ವರ್ಷಗಟ್ಟಲೆ ಲೆಕ್ಕವಿಟ್ಟು ಇದನ್ನು ತೋರಿಸಿತು. ಕೆಟ್ಟ ಗಳಿಗೆ ಬಂದಾಗ ಕೈಗೆ ಏನೂ ಸಿಗದಿದ್ದರೆ, ಎಷ್ಟೋ ಸಲ ಆ ಗಳಿಗೆ ದಾಟಿಹೋಗುತ್ತದೆ.

ಆದ್ದರಿಂದ ಬ್ಯಾಗಿನದ್ದಷ್ಟೇ ಅಲ್ಲ, ಫ್ರಿಜ್ ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿರುವುದು, ಹಿರಿಯರ ದಿಂಬಿನ ಪಕ್ಕದ್ದು, ಹಳೆಯ ಚೀಟಿಗಳ ಉಳಿಕೆ, ಎಲ್ಲವೂ ಬೀರುವಿನೊಳಗೆ ಹೋಗಲಿ, ಬೀಗದ ಕೈ ನಿಮ್ಮ ಬಳಿ ಇರಲಿ. ಕದ್ದು ತೆಗೆಯಬೇಡಿ, ಅವಳಿಗೆ ಹೇಳಿಯೇ ತೆಗೆದಿಡಿ.

ಕೇಳುವಾಗ ಸುತ್ತಿಬಳಸಬೇಡಿ. ‘ಬದುಕುವುದೇ ಬೇಡ ಅನ್ನಿಸುತ್ತಿದೆಯೇನಮ್ಮಾ?’ ಎಂದು ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡಿರಿ. ಇದು ಕಷ್ಟ, ನಾನೂ ಅಪ್ಪನೇ. ‘ನಿನಗೇನು ಕಡಿಮೆ ಮಾಡಿದ್ದೇವೆ?’ ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬರುತ್ತದೆ, ನುಂಗಿಕೊಳ್ಳಿ. ಅಂಕ, ಪರೀಕ್ಷೆ, ನೆಂಟರು ಏನಂದಾರು ಎಂಬುದೂ ಬೇಡ.

14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅವಳು ಒಪ್ಪದಿದ್ದರೆ ನೀವೇ ಮಾತನಾಡಿ. ನಾಳೆಯೇ ಮನೋವೈದ್ಯರನ್ನೂ ಕಾಣಿ.

ಈಗಾಗಲೇ ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, 108ಕ್ಕೆ ಕರೆ ಮಾಡಿ ಅಥವಾ ನೇರ ಆಸ್ಪತ್ರೆಗೆ ಹೋಗಿ. ಚೆನ್ನಾಗಿಯೇ ಓಡಾಡುತ್ತಿದ್ದಾಳಲ್ಲ ಎಂದು ಕಾಯಬೇಡಿ. ಕೆಲವು ಮಾತ್ರೆಗಳ ಹಾನಿ ತಡವಾಗಿ ಕಾಣುತ್ತದೆ, ಬೇಗ ಹೋದಷ್ಟೂ ಚಿಕಿತ್ಸೆ ಸುಲಭ. ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸುವುದು ಬೇಡವೇ ಬೇಡ. ಖಾಲಿ ಶೀಟುಗಳನ್ನು ಜೊತೆಗೆ ಒಯ್ಯಿರಿ. ಪೊಲೀಸ್ ಕೇಸಾದೀತು ಎಂದು ಹೆದರಿ ತಡಮಾಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡುತ್ತದೆ, ಶಿಕ್ಷಿಸಬಾರದು ಎನ್ನುತ್ತದೆ.

ಈ ರಾತ್ರಿ ನಿಮ್ಮ ಹಾಸಿಗೆಯನ್ನು ಅವಳ ಕೋಣೆಯಲ್ಲೇ ಹಾಸಿಕೊಳ್ಳಿ.