ಹಳೆಯ ಡೀಸೆಲ್ ಬ್ರೆಝಾ ಇನ್ನೆಷ್ಟು ವರ್ಷ ಓಡೀತು?

ಪ್ರಶ್ನೆ: ಪರಿಚಯದವರೊಬ್ಬರು ತಮ್ಮ 2017ರ ಮಾರುತಿ ವಿಟಾರಾ ಬ್ರೆಝಾ ಡೀಸೆಲ್ ಕಾರನ್ನು ಮಾರುತ್ತಿದ್ದಾರೆ. ಮೀಟರಿನಲ್ಲಿ 96,000 ಕಿ.ಮೀ. ಇದೆ. ನಮ್ಮ ಮನೆಯಿಂದ ಪೇಟೆ 3 ಕಿ.ಮೀ.; ತಿಂಗಳಿಗೆ ಎರಡು ಸಲ ಹುಬ್ಬಳ್ಳಿಗೆ ಹೋಗುವುದಿದೆ. ಈ ಎಂಜಿನ್ 3 ಲಕ್ಷ ಕಿ.ಮೀ. ಬಾಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಂಬಿ ಕೊಳ್ಳಬಹುದೇ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಹೇಳಿದವರು ಸುಳ್ಳು ಹೇಳಿಲ್ಲ, ಆದರೆ ಅರ್ಧ ಮಾತ್ರ ಹೇಳಿದ್ದಾರೆ. 2016ರ ಮಾರ್ಚ್‌ನಲ್ಲಿ ಮಾರುಕಟ್ಟೆಗೆ ಬಂದ ಬ್ರೆಝಾ, 2020ರ ಆರಂಭದವರೆಗೂ ಡೀಸೆಲ್‌ನಲ್ಲಿ ಮಾತ್ರ ಸಿಗುತ್ತಿತ್ತು. ಅದರಲ್ಲಿರುವುದು ಫಿಯೆಟ್ ಮೂಲದ 1,248 ಸಿ.ಸಿ. ಎಂಜಿನ್. ಸ್ವಿಫ್ಟ್, ಡಿಸೈರ್, ಎರ್ಟಿಗಾಗಳಲ್ಲದೆ ಟಾಟಾ ಇಂಡಿಕಾ ವಿಸ್ಟಾದಲ್ಲಿಯೂ ಇದೇ ಕುಟುಂಬದ ಎಂಜಿನ್ ಇದ್ದುದರಿಂದ, ಹೊಗೆಯ ಮಾಲಿನ್ಯ ತಗ್ಗಿಸುವ ಬಿಎಸ್-6 ನಿಯಮ ಬಂದು ಮಾರುತಿ ಡೀಸೆಲ್ ಕಾರುಗಳನ್ನು ನಿಲ್ಲಿಸಿದ ಮೇಲೂ ಬಿಡಿಭಾಗಗಳಿಗಾಗಲಿ, ಇದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳಿಗಾಗಲಿ ನಮ್ಮಲ್ಲಿ ಬರವಿಲ್ಲ.

3 ಲಕ್ಷದ ಮಾತು ಹುಟ್ಟಿದ್ದು ಟ್ಯಾಕ್ಸಿ ಡಿಸೈರ್‌ಗಳಿಂದ. ಅವುಗಳ ಎಂಜಿನ್ ಬೆಳಿಗ್ಗೆ ಬಿಸಿಯಾದರೆ ರಾತ್ರಿಯವರೆಗೂ ಬಿಸಿಯಾಗೇ ಇರುತ್ತದೆ. ನಿಮ್ಮ 3 ಕಿ.ಮೀ. ದಾರಿಯಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಪೇಟೆ ಬಂದುಬಿಡುತ್ತದೆ. ಹೀಗೆ ತಣ್ಣಗೆ ಓಡುವ ಡೀಸೆಲ್ ಎಂಜಿನ್ನಿನಲ್ಲಿ, ಹೊಗೆಯ ಒಂದು ಪಾಲನ್ನು ಮತ್ತೆ ಒಳಕ್ಕೆ ಕಳಿಸುವ ಇಜಿಆರ್ ವಾಲ್ವ್‌ಗೆ ಮಸಿ ಕಟ್ಟುತ್ತದೆ. ಸ್ವಿಫ್ಟಿನ 75 ಅಶ್ವಶಕ್ತಿಯ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸರಳ ಟರ್ಬೊ ಇದ್ದರೆ, ಬ್ರೆಝಾದ 90 ಅಶ್ವಶಕ್ತಿಯದಕ್ಕೆ ಒಳಗೆ ಅಲುಗುವ ರೆಕ್ಕೆಗಳಿರುವ ಟರ್ಬೊ ಇದೆ. ಮಸಿ ಅಲ್ಲಿಗೂ ಹೋಗಿ ಆ ರೆಕ್ಕೆಗಳನ್ನು ಬಿಗಿಹಿಡಿಯಬಹುದು. ಹುಬ್ಬಳ್ಳಿಯ ದೂರದ ಓಟವೇ ಇದಕ್ಕೆ ಮದ್ದು, ಆ ಪ್ರಯಾಣವನ್ನು ತಪ್ಪಿಸಬೇಡಿ.

ಇನ್ನು ಕಾರು ನೋಡಲು ಹೋಗುವಾಗ ಬೆಳಿಗ್ಗೆ ಬೇಗನೆ, ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎಂದು ತಿಳಿಸಿ ಹೋಗಿ, ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿದೆಯೇ ನೋಡಿ. ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸಲು ಈ ಎಂಜಿನ್ನಿಗೆ ಬೆಲ್ಟ್ ಅಲ್ಲ, ಟೈಮಿಂಗ್ ಚೈನ್ ಇದೆ. ಚೈನಿನ ಬಿಗಿ ಆಯಿಲ್ ಒತ್ತಡವನ್ನು ಅವಲಂಬಿಸಿದೆ. ಆಯಿಲ್ ಬದಲಿಸುವುದನ್ನು ಮುಂದೂಡುತ್ತಾ ಬಂದಿದ್ದರೆ ಅದು ಸಡಿಲವಾಗಿ, ಸ್ಟಾರ್ಟ್ ಮಾಡಿದೊಡನೆ ಡೀಸೆಲ್ಲಿನ ಎಂದಿನ ಸದ್ದಿನ ಮೇಲೆ ಸರಪಳಿ ಅಲ್ಲಾಡಿಸಿದಂಥ ಗಲಗಲ ಸದ್ದು ಕೇಳುತ್ತದೆ. ಎಂಜಿನ್ ಬಿಸಿಯಾದ ಮೇಲೆ ನಿಂತಲ್ಲೇ ಓಡುತ್ತಿರುವಾಗ ಆಯಿಲ್ ಮುಚ್ಚಳವನ್ನು ಜೋಪಾನವಾಗಿ ತೆರೆಯಿರಿ. ತೆಳು ಆವಿ ಬಂದರೆ ಚಿಂತೆಯಿಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ದಟ್ಟ ಹೊಗೆ ನುಗ್ಗಿದರೆ ಪಿಸ್ಟನ್ ರಿಂಗ್‌ಗಳು ಸವೆದಿರುವ ಸಾಧ್ಯತೆ ಹೆಚ್ಚು.

ಇಷ್ಟಾದರೂ, ಮಲೆನಾಡಿನಲ್ಲಿ ಓಡಿದ ಕಾರಿನ ಮಾಲೀಕರ ಕಿಸೆ ಖಾಲಿ ಮಾಡುವುದು ಸಾಮಾನ್ಯವಾಗಿ ಎಂಜಿನ್ ಅಲ್ಲ, ಕಾರಿನ ಕೆಳಭಾಗ ಎಂಬುದು ನನ್ನ ಅಭಿಪ್ರಾಯ. ಕಾರನ್ನು ಲಿಫ್ಟ್ ಮೇಲೆ ಏರಿಸಿ, ಲೋಯರ್ ಆರ್ಮ್ ಬುಷ್, ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್‌ಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಕೆಸರು ಕೂತು ಒಣಗಿದ ಮೂಲೆಗಳಲ್ಲಿ, ವೆಲ್ಡಿಂಗ್ ಸಾಲುಗಳಲ್ಲಿ ತುಕ್ಕು ಇದೆಯೇ ಎಂದು ನೀವೇ ಟಾರ್ಚ್ ಹಿಡಿದು ನೋಡಿ. ಬಾನೆಟ್ ಒಳಗೆ ಇಲಿಯ ಹಿಕ್ಕೆ ಕಂಡರೆ ವೈರಿಂಗ್ ಅನ್ನೂ ಪೂರ್ತಿ ಪರೀಕ್ಷಿಸಿ. ಅಡಿಕೆ ಅಂಗಳದ ಪಕ್ಕ ಕಾರು ನಿಲ್ಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ಲಚ್ ನೋಡಲು ದೇವಿಮನೆ ಘಟ್ಟದಂಥ ಏರಿನಲ್ಲಿ ಮೂರನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ: ಎಂಜಿನ್ ಸದ್ದು ಏರಿಯೂ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಸರ್ವಿಸ್ ಬಿಲ್‌ಗಳಲ್ಲಿರುವ ಕಿ.ಮೀ. ಸಾಲಾಗಿ ಏರುತ್ತಾ ಬಂದಿದೆಯೇ ನೋಡಿ. ವರ್ಷಕ್ಕೊಮ್ಮೆ ಅಥವಾ 10,000 ಕಿ.ಮೀ.ಗೊಮ್ಮೆ, ಯಾವುದು ಮೊದಲೋ ಆಗ, ಆಯಿಲ್ ಬದಲಿಸಿದ ದಾಖಲೆ ಪೂರ್ತಿ ಇದ್ದು, ಉಳಿದ ಪರೀಕ್ಷೆಗಳೂ ಸರಿಯಿದ್ದರೆ ಕೊಳ್ಳಿ. ದಾಖಲೆ ಇಲ್ಲದಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ನೋಂದಣಿ 15 ವರ್ಷದ್ದಾದ್ದರಿಂದ ಅದು 2032ರವರೆಗೆ ಇರುತ್ತದೆ. ಮುಂದೆ ಫಿಟ್‌ನೆಸ್ ಪರೀಕ್ಷೆಯಾದ ಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬಹುದು. ಹುಬ್ಬಳ್ಳಿಯ ಓಡಾಟ ನಿಂತುಹೋಗುವ ಸಂಭವವಿದ್ದರೆ ಮಾತ್ರ, ಮೈಲೇಜ್ ಕಡಿಮೆಯಾದರೂ ಚಿಂತೆಯಿಲ್ಲವೆಂದು 2020ರ ನಂತರದ 1.5 ಲೀಟರ್ ಪೆಟ್ರೋಲ್ ಬ್ರೆಝಾ ಹುಡುಕುವುದು ಒಳ್ಳೆಯದು. ಅದಕ್ಕೆ ಟರ್ಬೊ ಇಲ್ಲ, ಹಾಗಾಗಿ ಮಸಿಯಿಂದ ಅದರ ರೆಕ್ಕೆ ಬಿಗಿಯುವ ಚಿಂತೆಯೂ ಇಲ್ಲ.

ಪ್ರಶ್ನೆ: ಇದೇ ಕಾರಿನ 2018ರ ಎಜಿಎಸ್ (ಆಟೊ ಗೇರ್ ಶಿಫ್ಟ್) ಮಾದರಿ ಸಿಗುತ್ತಿದೆ. ಆಟೊಮ್ಯಾಟಿಕ್ ಎಂದರೆ ಕ್ಲಚ್ ಖರ್ಚು ಇರುವುದಿಲ್ಲ ತಾನೆ?
– ಓದುಗರು, ದಾವಣಗೆರೆ

ಉತ್ತರ: ಇರುತ್ತದೆ. ಎಜಿಎಸ್‌ನಲ್ಲಿ ಇರುವುದು ಮಾಮೂಲಿ ಗೇರ್‌ಬಾಕ್ಸ್ ಮತ್ತು ಮಾಮೂಲಿ ಕ್ಲಚ್ ಪ್ಲೇಟೇ. ಕಾಲಿನಿಂದ ಒತ್ತುವ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೆ. ಕ್ಲಚ್ ಜೊತೆಗೆ ಆ ಯಂತ್ರವನ್ನೂ ಪರೀಕ್ಷಿಸಬೇಕಾಗುತ್ತದೆ. ನಿಂತಲ್ಲಿಂದ ಹೊರಡುವಾಗ ಕಾರು ನಡುಗಿದರೆ, ಹಿಂದಿನವರು ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಒತ್ತಿಯೇ ನಿಲ್ಲಿಸುತ್ತಿದ್ದರೇನೋ ಎಂದು ಅನುಮಾನಪಡಿ. ಹಾಗೆ ನಿಲ್ಲಿಸಿದಷ್ಟೂ ಹೊತ್ತು ಪ್ಲೇಟ್ ಸವೆಯುತ್ತಲೇ ಇರುತ್ತದೆ.